ಅಚ್ಚ ಕನ್ನಡದ ಫಾರ್ವರ್ಡ್

ನಮ್ಮ ಹೈಸ್ಕೂಲಿನ 1996ರ ಬ್ಯಾಚಿನ ಗುಂಪು. ಎಲ್ಲ ಯಲ್ಲಾಪುರದ ಕಡೆಯವರು. ಅಡ್ಮಿನ್ ನಾನೇ, ಬೇರೆ ಯಾರೂ ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ರಮೇಶ ಒಂದು ವಿಡಿಯೋ ಹಾಕಿದ. ಗುಂಗುರು ಕೂದಲಿನ ಹೆಂಗಸೊಬ್ಬರು ಜಗುಲಿಯಲ್ಲಿ ಕೂತು ಮಾತಾಡುತ್ತಾರೆ. ಕೆಳಗೆ ಬರಹ: "ಆಫ್ರಿಕಾ ಮಹಿಳೆಯ ಬಾಯಲ್ಲಿ ಅಚ್ಚ ಕನ್ನಡ! ಕನ್ನಡಿಗರೇ, ನಾಚಿಕೊಳ್ಳಿ! ಶೇರ್ ಮಾಡಿ."

ಸಾಲಾಗಿ ಚಪ್ಪಾಳೆ ಬಿದ್ದವು. ಆಮೇಲೆ ಶುರುವಾಯಿತು.

ಸುಮಾ: ರಮೇಶ, ಅವರು ಆಫ್ರಿಕಾದವರಲ್ಲ ಮಾರಾಯ. ಸಿದ್ದಿಯರು. ಹಿಂದೆ ಕಾಣುವುದು ನಮ್ಮದೇ ಕಾಡು.

ರಮೇಶ: ಗೊತ್ತು. ಮೂಲ ಆಫ್ರಿಕಾ ಅಲ್ವಾ? ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದರು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ನಾನು ಹೊಗಳಿದ್ದು ಕಣೇ, ಬೈದಿಲ್ಲ.

ಸುಮಾ: ನೀನು ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟು ಇಪ್ಪತ್ತು ವರ್ಷ ಆಯಿತು. 'ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ' ಅಂತ ಒಬ್ಬ ಗಿರಾಕಿಯಾದರೂ ಹೇಳಿದ್ದಾನಾ? ಮನೆಮಾತಿಗೆ ಯಾರೂ ಚಪ್ಪಾಳೆ ತಟ್ಟಲ್ಲ. ನಾವು ಕ್ಲಾಸಿನಲ್ಲಿ ಇದಕ್ಕೆ ಅನ್ಯೀಕರಣ ಅನ್ನುತ್ತೇವೆ.

ಗಣಪತಿ: ಬಂತು. ಕನ್ನಡದಲ್ಲಿ ಹೇಳು ತಂಗಿ, ಅಡಿಕೆ ಸುಲಿಯುತ್ತಾ ಓದುತ್ತಿದ್ದೇನೆ.

ಸುಮಾ: ನಮ್ಮವರಲ್ಲ ಅಂತ ಮೊದಲೇ ತೀರ್ಮಾನ ಮಾಡಿಕೊಂಡು, ಆಮೇಲೆ ಬಾಯಿ ಬಿಟ್ಟು ನೋಡುವುದು. ಸಾಕಾ?

ರಮೇಶ: ಹಾಗಾದರೆ ಹೆಮ್ಮೆಯ ಇತಿಹಾಸವನ್ನೂ ಹೇಳಬಾರದಾ? ಮಲಿಕ್ ಅಂಬರ್ ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹ್ಮದನಗರವನ್ನೇ ನಡೆಸಿದ. ಗೋಲಗುಂಬಜ್ ಕಟ್ಟಿಸಿದ ಮೊಹಮ್ಮದ್ ಆದಿಲ್ ಶಾಹನ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಅನ್ನುವ ಹಬಶಿ, ಅಂದರೆ ಆಫ್ರಿಕಾ ಮೂಲದ ಸರದಾರ ಇದ್ದ.

ಫಾತಿಮಾ: ಹೇಳು, ಯಾರು ಬೇಡ ಅಂದರು? ಬಿಜಾಪುರದ ಇತಿಹಾಸ ಅಂತ ಹೇಳು. ಮೆಣಸಿನಕಾಯಿಯನ್ನು ತಂದವರೂ ಪೋರ್ಚುಗೀಸರೇ. ಬ್ಯಾಡಗಿ ಮೆಣಸಿನಕಾಯಿಯನ್ನು ಯಾವತ್ತಾದರೂ ಅಮೆರಿಕದ್ದು ಅಂದಿದ್ದೀಯಾ?

ಇದಕ್ಕೆ ನಾನೂ ಒಂದು ನಗು ಹಾಕಿದೆ. ಅಡ್ಮಿನ್ ಪಕ್ಷ ವಹಿಸಬಾರದು ಅಂತ ರಮೇಶ ನನಗೇ ಬೇರೆಯಾಗಿ ಮೆಸೇಜ್ ಮಾಡಿದ.

ನಾಗರಾಜ: ಡಲ್ಲಾಸ್‌ನಲ್ಲಿ ರಾತ್ರಿ, ಆದರೂ ಹೇಳುತ್ತೇನೆ. ವಿಜ್ಞಾನ ಬೇರೆ ಮಾತು. ಸಿದ್ದಿಯರ ಜೀನ್ ಬಗ್ಗೆ ಹೈದರಾಬಾದಿನ ವಿಜ್ಞಾನಿಗಳು 2011ರಲ್ಲೇ ಬರೆದಿದ್ದಾರೆ. ಆಫ್ರಿಕಾ, ಭಾರತ, ಯುರೋಪು, ಮೂರೂ ಬೆರೆತಿವೆ. ಸಂಶೋಧನೆಗೆ ಯಾರ ಮೇಲೂ ಪ್ರೀತಿ, ದ್ವೇಷ ಇರಲ್ಲ.

ಸುಮಾ: ಸಂಶೋಧಕರಿಗೆ ಇರುತ್ತದಲ್ಲ! ಮದ್ರಾಸಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಥರ್ಸ್ಟನ್, ಜನರ ಮೂಗು ತಲೆ ಅಳೆದು ಜಾತಿ ಬುಡಕಟ್ಟಿನ ಲೆಕ್ಕ ಬರೆಯುತ್ತಿದ್ದ. ಅವನನ್ನು ಯಾಕೆ, ನನ್ನ ಕಥೆ ಕೇಳಿ. ಎಂ.ಎ. ಓದುವಾಗ ನೋಟ್‌ಬುಕ್ ಹಿಡಿದು ಸಿದ್ದಿ ಕೇರಿಗೆ ಹೋಗಿದ್ದೆ. 'ನಿಮ್ಮ ಮೂಲ ಹಾಡು ಹಾಡಿ' ಅಂದೆ. ಅಜ್ಜಿ ಕೊಂಕಣಿಯಲ್ಲಿ ಹಾಡಿದರು. ನನಗೆ ನಿರಾಸೆ ಆಯಿತು! ಆಫ್ರಿಕಾದ್ದು ಏನಾದರೂ ಸಿಗುತ್ತದೆ ಅಂದುಕೊಂಡಿದ್ದೆ. ಅವರು ಅರ್ಧ ದಿನದ ಕೂಲಿ ಬಿಟ್ಟು ಕೂತಿದ್ದರು.

ಗಣಪತಿ: ನಮ್ಮ ತೋಟಕ್ಕೂ ಬರುತ್ತಿದ್ದರು. ಒಳ್ಳೆ ಜನ. ಗಟ್ಟಿ ಆಳುಗಳು.

ಫಾತಿಮಾ: ಬರೆದದ್ದನ್ನು ಇನ್ನೊಮ್ಮೆ ಓದಿಕೊ ಗಣಪತಿ.

ಗಣಪತಿ: ಈ ಸಂದೇಶವನ್ನು ಅಳಿಸಲಾಗಿದೆ.

ರಮೇಶ: ಏನು ಹೇಳಿದರೂ ತಪ್ಪು. 1987ರಲ್ಲಿ ಸರ್ಕಾರವೇ ಸಿದ್ದಿ ಮಕ್ಕಳನ್ನು ಆರಿಸಿ ಕ್ರೀಡಾ ತರಬೇತಿ ಕೊಟ್ಟಿತು. ಅದೂ ತಪ್ಪಾ?

ಇಷ್ಟು ಹೊತ್ತಿಗೆ ನನಗೆ ಬೇರೆ ಚಿಂತೆ. ಜುಜೆ ಇದೇ ಗುಂಪಿನಲ್ಲಿದ್ದಾನೆ. ನಮ್ಮ ಬ್ಯಾಚಿನ ಒಬ್ಬನೇ ಸಿದ್ದಿ. 'ಅವರು, ಅವರು' ಅಂತ ಒಂದು ಗಂಟೆ ಮಾತಾಡಿದೆವು, ಒಬ್ಬರೂ ಅವನನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ. ನೀಲಿ ಟಿಕ್ ಮಾತ್ರ ನೋಡಿದೆ. ಅವನು ಎಲ್ಲ ಓದಿದ್ದ.

ಜುಜೆ: ರಮೇಶ, ನನ್ನನ್ನೂ ಓಡಿಸುತ್ತಿದ್ದರು, ನೆನಪಿದೆಯಾ? ನೂರು ಮೀಟರಿನಲ್ಲಿ ನಾನು ಯಾವಾಗಲೂ ಕೊನೆ. ಆದರೂ ಪ್ರತಿ ವರ್ಷ ನಿಲ್ಲಿಸುತ್ತಿದ್ದರು. ಗಣಿತದಲ್ಲಿ 91 ಬಂದಾಗ ಮಾತ್ರ ಪೇಪರನ್ನು ಎರಡನೇ ಸಲ ತಿದ್ದಿದರು.

ಜುಜೆ: ಅದಿರಲಿ. ವಿಡಿಯೋವನ್ನು ಯಾರಾದರೂ ಪೂರ್ತಿ ಕೇಳಿದಿರಾ?

ಹತ್ತು ನಿಮಿಷ ಗುಂಪು ತಣ್ಣಗೆ.

ಜುಜೆ: ಅವರು ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯವರು. ಕಾಡಿನ ಜಮೀನಿಗೆ ಅರ್ಜಿ ಹಾಕಿದರೆ ಕಚೇರಿಯಲ್ಲಿ 75 ವರ್ಷದ ದಾಖಲೆ ಕೇಳಿದರು ಅಂತ ಹೇಳುತ್ತಿದ್ದಾರೆ. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಅದು ಬೇಡ. 2005ರ ಡಿಸೆಂಬರ್ 13ಕ್ಕಿಂತ ಮೊದಲಿಂದ ಸಾಗುವಳಿ ಇದ್ದರೆ ಸಾಕು. ಆದರೆ ಉತ್ತರ ಕನ್ನಡದ ಸಿದ್ದಿಯರನ್ನು ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಬೆಳಗಾವಿ, ಧಾರವಾಡದವರನ್ನು ಸೇರಿಸಿದ್ದು 2020ರಲ್ಲಿ. ಅಷ್ಟು ವರ್ಷ ಗಡಿಯ ಈಚೆಗಿದ್ದ ಅಣ್ಣ ಬುಡಕಟ್ಟು, ಆಚೆಗಿದ್ದ ತಮ್ಮ 'ಇತರೆ'. ಕಾಯ್ದೆಯಲ್ಲೇ ಆ ಹೆಸರಿದೆ, 'ಇತರೆ ಪಾರಂಪರಿಕ ಅರಣ್ಯವಾಸಿಗಳು'.

ರಮೇಶ: ನಾನು ಮ್ಯೂಟ್‌ನಲ್ಲಿ ನೋಡಿದ್ದೆ ಕಣೋ. ಡಿಲೀಟ್ ಮಾಡಲಾ?

ಜುಜೆ: ಬೇಡ. ಕೆಳಗಿನ ಬರಹ ತೆಗೆದು ಮತ್ತೆ ಹಾಕು.

ಗಣಪತಿ: ಜುಜೆ, ಆ ಅರ್ಜಿ ಈಗ ಎಲ್ಲಿ ನಿಂತಿದೆ? ನನ್ನ ಭಾವ ಅದೇ ತಾಲೂಕಿನಲ್ಲಿ ವಕೀಲ.

ಜುಜೆ: ಎರಡನೇ ನಿಮಿಷದಲ್ಲಿ ಹೇಳಿದ್ದಾರೆ. ಅಚ್ಚ ಕನ್ನಡದಲ್ಲೇ.