ಅಟ್ಟದ ಬಾವಲಿ ಹಿಕ್ಕೆ ಮತ್ತು ಹಿಸ್ಟೋಪ್ಲಾಸ್ಮೋಸಿಸ್: ತೆಗೆಯುವುದು ಹೇಗೆ?

ಬ್ರಹ್ಮಾವರ_ಹೆಂಚಿನಮನೆ: ಮಳೆಗೆ ಮೊದಲು ಹೆಂಚು ಕೈಯಾಡಿಸಬೇಕು. ಅಟ್ಟದಲ್ಲಿ ಬಾವಲಿ ಹಿಕ್ಕೆ ಅರ್ಧ ಗೇಣು ದಪ್ಪ ಬಿದ್ದು ಮಣ್ಣಿನ ಹಾಗಾಗಿದೆ. ಗುಡಿಸಿ ತೋಟಕ್ಕೆ ಹಾಕಬಹುದೇ? ಅಪ್ಪಯ್ಯನಿಗೆ ಶುಗರ್ ಬೇರೆ ಇದೆ.

ಸುರಕ್ಷೆ_ಮಂಗಳೂರು: ದಯವಿಟ್ಟು ಹಿಡಿಸೂಡಿ ಮುಟ್ಟಬೇಡಿ. ಹಿಕ್ಕೆಯಲ್ಲಿ ಬೆಳೆಯುವ ಹಿಸ್ಟೋಪ್ಲಾಸ್ಮಾ ಎಂಬ ಫಂಗಸ್ ಉಸಿರಿನೊಂದಿಗೆ ಒಳಹೋದರೆ ಬರುವ ಶ್ವಾಸಕೋಶದ ಕಾಯಿಲೆಯೇ ಹಿಸ್ಟೋಪ್ಲಾಸ್ಮೋಸಿಸ್. ಎಲ್ಲ ಹಿಕ್ಕೆಯಲ್ಲೂ ಈ ಫಂಗಸ್ ಇರುವುದಿಲ್ಲ, ಆದರೆ ಕಣ್ಣಿಗೆ ಗೊತ್ತಾಗುವುದೂ ಇಲ್ಲ. ಅದರ ಸಣ್ಣ ಬೀಜಕಣ 2ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಅಷ್ಟೆ. ಧೂಳೆದ್ದರೆ ಶ್ವಾಸಕೋಶದ ತುದಿಯವರೆಗೂ ಇಳಿಯುತ್ತದೆ.

ಮದ್ದು ಹೊಡೆಯುವ ಪಂಪನ್ನು ಚೆನ್ನಾಗಿ ತೊಳೆದು, 16 ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ದ್ರಾವಣ ಹಾಕಿ, ಮಂಜಿನ ಹಾಗೆ ಸಿಂಪಡಿಸಿ. ಜೋರಾಗಿ ನೀರು ಬಿಟ್ಟರೆ ಅದೇ ಧೂಳೆಬ್ಬಿಸುತ್ತದೆ. ದಪ್ಪ ಪದರದಲ್ಲಿ ಮೇಲಿನ ಒಂದಿಂಚು ಮಾತ್ರ ನೆನೆಯುತ್ತದೆ, ಅಡಿಯಲ್ಲಿ ಒಣಗಿದ್ದೇ ಇರುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ನೆನೆದಷ್ಟನ್ನು ಕೆರೆದು ತೆಗೆದು ಮತ್ತೆ ಸಿಂಪಡಿಸಿ. ದಪ್ಪ ಪ್ಲಾಸ್ಟಿಕ್ ಚೀಲ, ಒಂದರೊಳಗೆ ಇನ್ನೊಂದು, ಬಾಯಿ ಬಿಗಿದು ಹೂಳಿಬಿಡಿ. ತೋಟಕ್ಕೆ ಬೇಡ, ಒಣಗಿದರೆ ಮತ್ತೆ ಅದೇ ಧೂಳು.

ಬಟ್ಟೆ ಮಾಸ್ಕ್, ಸರ್ಜಿಕಲ್ ಮಾಸ್ಕ್ ಸಾಲದು. ಇಷ್ಟು ಹಿಕ್ಕೆಗೆ ಅತಿ ಸಣ್ಣ ಕಣವನ್ನೂ ತಡೆಯುವ ಪಿ-100 ಫಿಲ್ಟರಿನ ರಬ್ಬರ್ ಮಾಸ್ಕೇ ಬೇಕು. ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ನುಗ್ಗುತ್ತದೆ. ಕೈಗವಸು ಹಾಕಿ, ಬಟ್ಟೆಯನ್ನು ಅಲ್ಲೇ ಬದಲಿಸಿ. ಅಪ್ಪಯ್ಯ ಆ ದಿನಗಳಲ್ಲಿ ಬೇರೆ ಮನೆಯಲ್ಲಿರಲಿ. ಬಾವಲಿ ಮರಿ ಇದ್ದರೆ ಅವು ಹಾರುವವರೆಗೆ ಬಾವಲಿ ಬರುವ ಸಂದು ಮುಚ್ಚಬೇಡಿ.

ಬ್ರಹ್ಮಾವರ_ಹೆಂಚಿನಮನೆ: ಉಪಕಾರ ಸರ್. ಹತ್ತು ದಿನದ ಹಿಂದೆ ಮೇಲೆ ಹತ್ತಿದ್ದ ಆಚಾರಿಯವರಿಗೆ ಈಗ ಜ್ವರ, ಒಣಕೆಮ್ಮು. ನಮಗೂ ಅಂಟುತ್ತದೆಯೇ?

ಎದೆರೋಗ_ಉಡುಪಿ: ಇದು ಮನುಷ್ಯರಿಂದ ಮನುಷ್ಯರಿಗೆ ಅಂಟದು. ಲಕ್ಷಣ ಕಾಣುವುದು 3ರಿಂದ 17 ದಿನದೊಳಗೆ, ಹಾಗಾಗಿ ಲೆಕ್ಕ ಕೂಡುತ್ತದೆ. ಆದರೂ ಇಲಿಜ್ವರ, ಡೆಂಗ್ಯೂ, ಟಿಬಿ ಕೂಡ ನೋಡಬೇಕು. ಅವರು ವೈದ್ಯರ ಹತ್ತಿರ "ಬಾವಲಿ ಹಿಕ್ಕೆಯ ಧೂಳು ಕುಡಿದಿದ್ದೇನೆ" ಎಂದು ತಾವಾಗಿಯೇ ಹೇಳಲಿ. ನಮ್ಮಲ್ಲಿ ಈ ಕಾಯಿಲೆ ಹೆಚ್ಚು ವರದಿಯಾದದ್ದು ಗಂಗಾ ಬಯಲಿನಿಂದ, ಕರಾವಳಿಯಲ್ಲಿ ಯಾರಿಗೂ ಮೊದಲು ಹೊಳೆಯುವುದಿಲ್ಲ. ಎಕ್ಸ್‌ರೇಯಲ್ಲಿ ಗ್ರಂಥಿ ಊದಿದ್ದು ಕಂಡರೆ ಟಿಬಿ ಎಂದೇ ಮಾತ್ರೆ ಶುರುವಾಗಿಬಿಡುತ್ತದೆ. ಕಫದ ಸಿಬಿನ್ಯಾಟ್ (ಟಿಬಿ ಪತ್ತೆಯ ಪರೀಕ್ಷೆ) ನೆಗೆಟಿವ್ ಬಂದು ಜ್ವರ ಇಳಿಯದಿದ್ದರೆ ಮೂತ್ರದಲ್ಲಿ ಈ ಫಂಗಸ್‌ನ ಅಂಶ ಹುಡುಕುವ ಆಂಟಿಜನ್ ಪರೀಕ್ಷೆ ಅಥವಾ ಬಯಾಪ್ಸಿ ಬಗ್ಗೆ ಕೇಳಿ.

ಸ್ವಲ್ಪ ಧೂಳು ಹೋಗಿದ್ದರೆ ಹೆಚ್ಚಿನವರಿಗೆ ಔಷಧವಿಲ್ಲದೆಯೇ ವಾಸಿ. ಲಕ್ಷಣ ತಿಂಗಳು ದಾಟಿದರೆ ಸಾಮಾನ್ಯವಾಗಿ ಇಟ್ರಾಕೊನಜೋಲ್ ಎಂಬ ಫಂಗಸ್ ಔಷಧ, 6ರಿಂದ 12 ವಾರ. ಉಸಿರಿಗೇ ಕಷ್ಟವಾದರೆ ಆಂಫೊಟೆರಿಸಿನ್ ಎಂಬ ಇನ್ನೊಂದು ಫಂಗಸ್ ಔಷಧ, ಆಸ್ಪತ್ರೆಯಲ್ಲೇ. ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ಊಟದೊಂದಿಗೇ ನುಂಗಬೇಕು. ಜೊತೆಗೆ ಪ್ಯಾಂಟೊಪ್ರಜೋಲ್‌ನಂಥ ಗ್ಯಾಸಿನ ಮಾತ್ರೆ ನಡೆಯುತ್ತಿದ್ದರೆ ಔಷಧ ರಕ್ತಕ್ಕೆ ಸರಿಯಾಗಿ ಸೇರದು, ಅದನ್ನೂ ವೈದ್ಯರಿಗೆ ತಿಳಿಸಲಿ.