ಅಪ್‌ಡೇಟ್: ಕ್ರೂಸ್ ಕಂಟ್ರೋಲ್ ಸರಿಯಾಯಿತು, ಕಳ್ಳ ಇದ್ದದ್ದು ಬ್ರೇಕ್ ಪೆಡಲ್ ಹತ್ತಿರ

ಹೋದ ವಾರ ಕೇಳಿದ್ದೆನಲ್ಲ, ನಮ್ಮ ಹಳೆಯ ಏಳು ಸೀಟಿನ ವ್ಯಾನಿನಲ್ಲಿ ಕ್ರೂಸ್ (ಆಕ್ಸಿಲರೇಟರ್ ಒತ್ತದೆಯೇ ಗಾಡಿಯನ್ನು ಒಂದೇ ವೇಗದಲ್ಲಿ ಓಡಿಸುವ ವ್ಯವಸ್ಥೆ) ದೀಪ ಹತ್ತುತ್ತದೆ, ಆದರೆ ಸೆಟ್ ಗುಂಡಿ ಒತ್ತಿದರೆ ಆ ವೇಗವನ್ನು ಹಿಡಿದಿಡುವುದಿಲ್ಲ ಅಂತ. ಸರಿಯಾಯಿತು!

ಫ್ಯೂಸ್ ಚೆನ್ನಾಗಿತ್ತು. ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗ್ ಗುಂಡಿಗಳು, ಹಾರನ್, ಏರ್‌ಬ್ಯಾಗಿಗೆಲ್ಲ ಸಂಪರ್ಕ ಕೊಡುವ ಸುರುಳಿ ವೈರು) ಹೋಗಿರಬಹುದು ಅಂದಿದ್ದರು ಕೆಲವರು. ಹಾರನ್ ಕೂಗುತ್ತಿತ್ತು, ಏರ್‌ಬ್ಯಾಗ್ ದೀಪವೂ ಬಂದಿರಲಿಲ್ಲ, ಹಾಗಾಗಿ ಅದಕ್ಕೆ ಕೈ ಹಾಕಲಿಲ್ಲ.

ಗೆದ್ದದ್ದು "ಕತ್ತಲಲ್ಲಿ ಬ್ರೇಕ್ ಲೈಟ್ ನೋಡಿ" ಅಂದ ಪುಣ್ಯಾತ್ಮರ ಸಲಹೆ. ರಾತ್ರಿ ಶೆಡ್ಡಿಗೆ ಹೋದರೆ ಹಿಂದಿನ ಗೋಡೆಯೆಲ್ಲ ಕೆಂಪು! ಕೀ ನನ್ನ ಜೇಬಿನಲ್ಲೇ ಇತ್ತು. ಪೆಡಲ್ ಮೇಲ್ಭಾಗದಲ್ಲಿ ಬ್ರೇಕ್ ಸ್ವಿಚ್ಚಿನ ಮೊಳೆ (ಒಳಗೆ ಹೊರಗೆ ಆಡುವ ಪುಟ್ಟ ಕಡ್ಡಿ) ತಾಗುವ ಕಡೆ ಒಂದು ಸಣ್ಣ ರಬ್ಬರ್ ಬಿರಡೆ ಇರುತ್ತದೆ. ಪೆಡಲ್ ಬಿಟ್ಟಾಗ ಆ ಬಿರಡೆಯೇ ಮೊಳೆಯನ್ನು ಒಳಗೆ ಒತ್ತಿ ಬ್ರೇಕ್ ಲೈಟ್ ಆರಿಸುವುದು. ಬಿರಡೆ ಒಣಗಿ ಪುಡಿಯಾಗಿತ್ತು. ಮೊಳೆ ಬಿರಡೆಯ ತೂತಿನಲ್ಲಿ ತೂರಿ ಹೊರಗೇ ನಿಂತಿತ್ತು. ಬ್ರೇಕ್ ಒತ್ತಿದ್ದಾರೆ ಅಂತ ಗಾಡಿ ತಿಳಿದುಕೊಂಡರೆ ಕ್ರೂಸ್ ಹೇಗೆ ಹಿಡಿಯುತ್ತದೆ? ಮ್ಯಾಟ್ ಮೇಲೆ ಬಿದ್ದಿದ್ದ ಆ ಚೂರುಗಳನ್ನು ತೋಟದ ಮಣ್ಣು ಅಂದುಕೊಂಡು ನಾನೇ ಗುಡಿಸಿ ಹಾಕಿದ್ದೆ.

ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತಿದ್ದುದಕ್ಕೂ ಇದೇ ಕಾರಣ. ಸುಮ್ನೆ ಮಲೆನಾಡಿನ ಥಂಡಿಯನ್ನು ಬೈಯುತ್ತಿದ್ದೆ.

ಹೊಸ ಬಿರಡೆ ಚಹಾ ದುಡ್ಡಿಗೆ ಸಿಕ್ಕಿತು. ಕೂರಿಸುವಾಗ ಕತ್ತು ಮಾತ್ರ ಜಾಸ್ತಿ ನೋಯಿತು. ನಿನ್ನೆ ಶಿವಮೊಗ್ಗದಿಂದ ಭದ್ರಾವತಿ ಕಡೆ ಹೊರಟು 60ಕ್ಕೆ ಸೆಟ್ ಮಾಡಿದೆ, ವೇಗ ಅಲ್ಲೇ ನಿಂತಿತು. ಆಗುಂಬೆ ಘಾಟಿಯಲ್ಲಿ, ಅದೂ ಮಳೆಯಲ್ಲಿ, ಕ್ರೂಸ್ ಬಳಸುವ ಧೈರ್ಯ ನನಗಂತೂ ಇಲ್ಲ.