ಅಪ್‌ಡೇಟ್: ಸರ್ವೋ ಡ್ರೈವ್‌ಗಳ ಡಿಸಿ ಪೂರೈಕೆ ಸಿದ್ಧವಾಯಿತು

ಬೈಕಂಪಾಡಿಯ ನಮ್ಮ ವರ್ಕ್‌ಶಾಪಿನ ಕೊರೆದು ಕೆತ್ತುವ ರೂಟರ್ ಯಂತ್ರದ ಸರ್ವೋ ಡ್ರೈವ್‌ಗಳಿಗೆ (ಮೋಟಾರ್ ನಡೆಸುವ ಘಟಕಗಳು; ತಡೆಯುವುದು ಗರಿಷ್ಠ 80 ವೋಲ್ಟ್ ಡಿಸಿ) 50 ವೋಲ್ಟ್ ಟ್ರಾನ್ಸ್‌ಫಾರ್ಮರ್ ಸಾಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಕೊನೆಗೆ 45 ವೋಲ್ಟಿನದನ್ನೇ ಆರಿಸಿದೆ. ರೆಕ್ಟಿಫೈ ಆದ (ಎಸಿ ಡಿಸಿಯಾಗಿ ಬದಲಾದ) ಮೇಲೆ ಅದು ಸುಮಾರು 62 ವೋಲ್ಟ್ ಡಿಸಿ. 50 ವೋಲ್ಟಿನದಾದರೆ ಸುಮಾರು 70. ಲೈನ್ ವೋಲ್ಟೇಜ್ ಶೇಕಡಾ 10 ಏರಿದರೆ 77. ಲೋಡ್ ಇಲ್ಲದಾಗ ಇನ್ನೂ ಹೆಚ್ಚು. ಅದರ ಮೇಲೆ ಮೋಟಾರ್ ಥಟ್ಟನೆ ನಿಂತಾಗ ಶಕ್ತಿ ಹಿಂದಿರುಗಿ ಚಾರ್ಜ್ ಹಿಡಿದಿಡುವ ಕೆಪಾಸಿಟರಿಗೇ ತುಂಬಿ ವೋಲ್ಟೇಜ್ ಏರಿಸುತ್ತದೆ. ಹಾಗಾಗಿ ಆ ಶಕ್ತಿಯನ್ನು ಶಾಖವಾಗಿ ಕಳೆಯುವ ಬ್ರೇಕ್ ರೆಸಿಸ್ಟರನ್ನೂ ವೋಲ್ಟೇಜ್ ಏರಿದಾಗ ಅದನ್ನು ಜೋಡಿಸುವ ಸರ್ಕ್ಯೂಟನ್ನೂ ಸೇರಿಸಿದ್ದೇನೆ.

ನನಗೆ ಅತಿ ಮುಖ್ಯವೆನಿಸಿದ್ದು ಬ್ಲೀಡರ್, ಅಂದರೆ ಉಳಿದ ಚಾರ್ಜನ್ನು ಮೆಲ್ಲಗೆ ಇಳಿಸುವ ರೆಸಿಸ್ಟರ್. ತುರ್ತು ನಿಲುಗಡೆ ಗುಂಡಿ ಕಾಂಟ್ಯಾಕ್ಟರ್ (ವಿದ್ಯುತ್ತಿನಿಂದ ನಡೆಯುವ ದೊಡ್ಡ ಸ್ವಿಚ್) ಮೂಲಕ ಟ್ರಾನ್ಸ್‌ಫಾರ್ಮರಿನ 230 ವೋಲ್ಟ್ ಕಡಿದರೂ 10,000 ಮೈಕ್ರೊಫ್ಯಾರಡ್ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಅದಕ್ಕೆ ಅಡ್ಡಲಾಗಿ 2.2 ಕಿಲೋಓಮ್, 5 ವ್ಯಾಟಿನ ರೆಸಿಸ್ಟರ್ ಕಾಯಂ ಇದೆ: ಸುಮಾರು 40 ಸೆಕೆಂಡಿನಲ್ಲಿ 10 ವೋಲ್ಟಿಗಿಂತ ಕೆಳಗಿಳಿಯುತ್ತದೆ. ಆದರೂ ಹುಡುಗರು ಮೀಟರ್ ಇಟ್ಟು ನೋಡದೆ ಕೈ ಹಾಕಬಾರದು ಎಂದು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಬರೆಸಿದ್ದೇನೆ.

ಪ್ರತಿ ಡ್ರೈವಿಗೂ ಡಿಸಿಗೆಂದೇ ಇರುವ ಬೇರೆ ಫ್ಯೂಸ್, ಪೆಟ್ಟಿಗೆಗೆ ಅರ್ಥಿಂಗ್. ಇಲ್ಲಿನ ಮಳೆಗಾಲದ ತೇವ, ಕಡಲ ಉಪ್ಪುಗಾಳಿಯನ್ನು ಗಮನದಲ್ಲಿಟ್ಟು ಟರ್ಮಿನಲ್‌ಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಮುಂದಿನ ಕೆಲಸ, ಪೂರ್ಣ ವೇಗದಿಂದ ಬ್ರೇಕ್ ಹಾಕಿ ಡಿಸಿ ಬಸ್ (ಡ್ರೈವ್‌ಗಳಿಗೆ ಹೋಗುವ ಡಿಸಿ ಲೈನ್) ವೋಲ್ಟೇಜ್ ಅಳೆಯುವುದು.